ಹಿಂದಿನ ಗಾಜಿನ ಅಕ್ಷರಗಳು

ಒಂದು ಸಹಿ ಕೇಳಿದ್ದಪ್ಪ, ಅವತ್ತೂ ಒಂದೇ ಸಹಿ, ಇವತ್ತೂ ಒಂದೇ, ನಿನ್ನ ಪ್ರಾಣ ಕೇಳ್ಲಿಲ್ಲ — ಅಡುಗೆಮನೆಯಿಂದ ಮಗಳು ಶೆಲ್ಬಿಯ ದನಿ ಬೆನ್ನಟ್ಟಿ ಬರುತ್ತಿತ್ತು, ವರ್ಲಿನ್ ಜಾಲರಿ ಬಾಗಿಲನ್ನು ಒದ್ದು ಹೊರಬಂದು ಟ್ರಕ್ಕಿನಲ್ಲಿ ಕುಳಿತ, ಕೀಲಿ ತಿರುವಲಿಲ್ಲ, ಎಲ್ಲಿಗೆ ಹೋಗುವುದು, ಭಾನುವಾರ, ಮರದ ಮಿಲ್ಲೂ ಈಗ ವಾರಕ್ಕೆ ಮೂರೇ ದಿನ, ಆ ಮೂರು ದಿನದ ಗಳಿಕೆಯನ್ನು ಬ್ಯಾಂಕಿನವರಿಗೆ ಬರೆದು ತೋರಿಸಬೇಕಂತೆ, ತೋರಿಸಿ ಜಾಮೀನು ನಿಂತರೆ ಮಗಳ ಸಾಲದ ಬಡ್ಡಿ ಅರ್ಧ ಇಳಿಯುತ್ತದಂತೆ, ನಾಳೆಯೇ ಕೊನೆಯ ದಿನ, ನನ್ನ ಗಳಿಕೆ ನನ್ನ ಚಡ್ಡಿ ಇದ್ದ ಹಾಗೆ ಕಣೇ, ಊರಿಗೆಲ್ಲ ತೋರಿಸೋಕಾಗಲ್ಲ ಅಂದಿದ್ದ ಈಗಷ್ಟೇ, ಅವಳು ನಗಲಿಲ್ಲ, ಹನ್ನೊಂದು ವರ್ಷದ ಹಿಂದೆ ಇದೇ ಮಾತಿಗೆ ನಕ್ಕಿದ್ದಳು, ಹದಿನೆಂಟು ಆಗ. ಕನ್ನಡಿಯಲ್ಲಿ ಹಿಂದಿನ ಗಾಜಿನ ಬಿಳಿ ಅಕ್ಷರಗಳು, ಅವಳ ಕಾಲೇಜಿನ ಹೆಸರು, ತಿರುಗಿ ನೋಡಿದರೆ ಉಲ್ಟಾ, ಕನ್ನಡಿಯಲ್ಲಿ ಮಾತ್ರ ನೆಟ್ಟಗೆ, ಸೀಟು ಸಿಕ್ಕ ವಾರವೇ ತಾನೇ ಹೋಗಿ ತಂದು, ಗುಳ್ಳೆ ಏಳದಂತೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದ್ದು, ಪೆಟ್ರೋಲ್ ಬಂಕಿನಲ್ಲಿ ಒಬ್ಬನಾದರೂ ಕೇಳುತ್ತಿದ್ದ, ಮಗಳಾ, ಹೂಂ, ಮಗಳು, ಕೆಂಟಕಿಯ ನಮ್ಮ ಈ ಕಣಿವೆಯಿಂದ ಮೊದಲನೆಯವಳು.

ಅದೇ ವಾರ ಸರ್ಕಾರದ ಅರ್ಜಿ ಫ್ರಿಜ್ಜಿನ ಬಾಗಿಲಿಗೆ ಅಂಟಿತ್ತು, ಹೆಂಡತಿ ಲೋರ್ನಾ ಇನ್ನೂ ಬದುಕಿದ್ದಳು, ಇಲ್ಲದವರ ಮಕ್ಕಳಿಗೆ ಓದೋಕೆ ದುಡ್ಡು ಪುಕ್ಕಟೆ ಕೊಡ್ತಾರೆ ಕಣೋ, ವಾಪಸ್ ಕೊಡೋ ಹಾಗೇ ಇಲ್ಲ, ಅಪ್ಪನ ಆದಾಯ ಬರೆದರೆ ಸಾಕು ಅಂದಿದ್ದಳು, ಇಲ್ಲದವರು ಯಾರೇ ಇಲ್ಲಿ, ಸರ್ಕಾರಕ್ಕೆ ನನ್ನ ಮನೇಲೇನು ಕೆಲಸ ಎಂದು ಗುಡುಗಿದ್ದ, ಗಡುವು ಮುಗಿಯಿತು, ಬ್ಯಾಂಕು ಸಾಲ ಕೊಟ್ಟಿತು, ಜಾಮೀನಿಗೆ ಲೋರ್ನಾಳ ಅಕ್ಕ. ಅಸಲು ಕಾರಣ ಸರ್ಕಾರವೂ ಅಲ್ಲ, ಮಣ್ಣೂ ಅಲ್ಲ, ಹಿಂದಿನ ವರ್ಷ ತಾನು ದುಡಿಯುತ್ತಿದ್ದ ಗಣಿ ಮುಚ್ಚಿತ್ತು, ಅರ್ಜಿಯನ್ನು ಕಂಪ್ಯೂಟರಿಗೆ ಹಾಕುವವಳು ಶೆಲ್ಬಿಯೇ, ಅಪ್ಪನ ಗಳಿಕೆಯ ಅಂಕಿ ಅವಳ ಬೆರಳಲ್ಲೇ ಮೂಡಬೇಕಿತ್ತು, ವರ್ಷಕ್ಕೆ ಹನ್ನೊಂದು ಸಾವಿರದ ನಾನೂರು ಡಾಲರ್, ಅದನ್ನು ಬರೆದಿದ್ದರೆ ಓದು ಬಹುಪಾಲು ಪುಕ್ಕಟೆ, ಆ ಅಂಕಿಯೇ ಅವಳ ಪಾಲಿನ ಆಸ್ತಿ, ಅದನ್ನು ಬೂಟಿನ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ಗಾಜಿಗೆ ಅಕ್ಷರ ಅಂಟಿಸಿಕೊಂಡು ಮೆರೆದೆ. ಇವತ್ತು ಊಟಕ್ಕೆ ಕೂತಾಗ ಶೆಲ್ಬಿ, ಮೂವತ್ತೆಂಟು ಸಾವಿರ ತಗೊಂಡೆ, ನಲವತ್ತು ಕಟ್ಟಿದೀನಿ, ಇನ್ನೂ ಐವತ್ತಾರಿದೆ ಅಪ್ಪ, ಮಗು ಬೇಡ ಅಂತ ಗಂಡ ಹೆಂಡ್ತಿ ಇಬ್ರೂ ತೀರ್ಮಾನ ಮಾಡಿದೀವಿ — ಹವಾಮಾನ ಹೇಳಿದ ಹಾಗೆ ಹೇಳಿದಳು, ಬೀನ್ಸ್ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತ.

ಹೊರಗೆ ಬಂದಳು, ಹೆಗಲಿಗೆ ಚೀಲ, ಟ್ರಕ್ಕಿನ ಬಾಗಿಲ ಹತ್ತಿರ ನಿಂತು ಒಂದೇ ಕೇಳಿದಳು, ಆ ವರ್ಷ ನಿನ್ನ ಆದಾಯ ಎಷ್ಟಿತ್ತಪ್ಪ, ದನಿಯಲ್ಲಿ ಸಿಟ್ಟಿರಲಿಲ್ಲ, ಅಂಕಿ ನಾಲಿಗೆಯ ತುದಿಗೆ ಬಂದಿತ್ತು, ಹನ್ನೊಂದು — ನಿಂಗ್ಯಾಕೆ ಅದೆಲ್ಲ ಎಂದಿತು ಬಾಯಿ. ಅವಳು ತಲೆಯಾಡಿಸಿ ನಡೆದಳು, ಅವಳ ಕಾರು ಕನ್ನಡಿಯಲ್ಲಿ ಇಳಿಜಾರು ಇಳಿಯಿತು, ಒಂದು ಅಕ್ಷರದ ಹಿಂದೆ ಮರೆಯಾಗಿ, ಸಂದಿನಲ್ಲಿ ಮಿಂಚಿ, ಇನ್ನೊಂದರ ಹಿಂದೆ, ಚರ್ಚಿನ ತಿರುವಿನಿಂದ ವಾಪಸ್ ಬರುತ್ತಾಳೆ, ಏನಾದರೂ ಮರೆತೇ ಇರುತ್ತಾಳೆ, ತನ್ನ ಕನ್ನಡಕ ಮೇಜಿನ ಮೇಲಿದೆ, ಜಾಮೀನಿನ ಕಾಗದವೂ ಪೆನ್ನೂ ಅಲ್ಲೇ, ಅವಳು ಬರಲಿಲ್ಲ, ಸಂಜೆ ಸಹಿ ಹಾಕಿದ, ಅಂಕಿ ಸಮೇತ, ಕೊಡುವುದು ಯಾರಿಗೆ, ಗಡುವಿನ ಸೋಮವಾರ ಕಳೆಯಿತು, ಮುಂದಿನ ಭಾನುವಾರ ಅವಳಿಗೆಂದು ಬೀನ್ಸ್ ಬೇಯಿಸಿಟ್ಟ, ಅದರ ಮುಂದಿನ ಭಾನುವಾರವೂ, ಈಗಲೂ ಟ್ರಕ್ಕಿನಲ್ಲಿ ಕುಳಿತಿದ್ದಾನೆ, ಕೀಲಿ ತಿರುವಿಲ್ಲ, ಕನ್ನಡಿಯಲ್ಲಿ ಬಿಳಿ ಅಕ್ಷರಗಳು, ನೆಟ್ಟಗೆ, ಒಂದರ ಅಂಚೂ ಎದ್ದಿಲ್ಲ, ಹಿಂದೆ ರಸ್ತೆ, ಅಕ್ಷರ, ಸಂದು, ರಸ್ತೆ, ಅಕ್ಷರ —