ಭಾನುವಾರ ತೆರೆಯುವ ಕಾಲೇಜು

ಗುಜರಾತಿನ ಕಾರ್ಖಾನೆ ಪ್ರದೇಶವಾದ ವಟ್ವಾದ ಆ ಖಾಸಗಿ ಕಾಲೇಜಿಗೆ ಇತಿಹಾಸದ ಅಧ್ಯಾಪಕಿಯಾಗಿ ಸೇರಿದ ನಳಿನಿಗೆ ಅಲ್ಲಿ ಹಿಡಿಸದ ಸಂಗತಿ ಒಂದೇ. ವಾರದ ರಜೆ ಸೋಮವಾರ. ಭಾನುವಾರ ಪೂರ್ತಿ ಪಾಠ. ಬಾಹ್ಯಾಕಾಶ ಸಂಸ್ಥೆಯಲ್ಲಿರುವ ಗಂಡ ದಿವಾಕರನೂ ಶಾಲೆಗೆ ಹೋಗುವ ಮಗಳು ಮಹಿಮಾಳೂ ಮನೆಯಲ್ಲಿರುವ ದಿನವೇ ಅವಳು ಸ್ಯಾಟಲೈಟ್ ಎಂಬ ಬಡಾವಣೆಯ ಮನೆಯಿಂದ ಎರಡು ಬಸ್ಸು ಹಿಡಿದು, ಕಾರ್ಖಾನೆಗಳ ಕಮಟು ವಾಸನೆಯ ನಡುವೆ ಇಳಿಯಬೇಕಿತ್ತು.

ಇನ್ನೂ ಒಂದು ವಿಚಿತ್ರವಿತ್ತು. ಉಳಿದ ದಿನ ಅರ್ಧ ಬೆಂಚು ಖಾಲಿ. ಭಾನುವಾರ ಮಾತ್ರ ಕಾಲಿಡಲು ಜಾಗವಿಲ್ಲ. ಕಿಟಕಿಯ ಕಟ್ಟೆಯ ಮೇಲೂ ಹುಡುಗರು ಕೂತಿರುತ್ತಿದ್ದರು.

ಒಂದು ದಿನ ಪ್ರಿನ್ಸಿಪಾಲ್ ಜಾಗೃತಿಬೆನ್ ಕರೆದರು. "ನಳಿನಿಬೆನ್, ಮುಂದಿನ ವರ್ಷದಿಂದ ಭಾನುವಾರವೇ ರಜೆ ಮಾಡೋಣ ಅಂತಿದೀವಿ. ಆದರೆ ಹಿಂದಿನವರು ಸುಮ್ಮನೆ ಸೋಮವಾರ ಇಟ್ಟಿರಲಿಕ್ಕಿಲ್ಲ ಅಂತ ಟ್ರಸ್ಟಿನ ಹಿರಿಯರು ಹೇಳ್ತಾರೆ. ಯಾಕೆ ಇಟ್ರು ಅಂತ ಅವರಿಗೂ ಗೊತ್ತಿಲ್ಲ. ನೀವು ಇತಿಹಾಸದವರು, ವಿಚಾರಿಸಿ ಹೇಳಿ."

ನಳಿನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ವಿಚಾರಿಸಿದರೆ ಬಾಯಿಗೊಂದು ಕಥೆ. ಸ್ಥಾಪಕರು ಶಿವಭಕ್ತರು, ಸೋಮವಾರ ಉಪವಾಸ ಇರುತ್ತಿದ್ದರು ಎಂದರು ಕಾಮರ್ಸಿನ ಮೇಷ್ಟ್ರು. ಹಿಂದೆಲ್ಲ ಈ ಕಡೆ ಸೋಮವಾರ ಕರೆಂಟೇ ಇರುತ್ತಿರಲಿಲ್ಲ ಎಂದರು ಫಿಸಿಕ್ಸಿನವರು. ಕೊನೆಗೆ ಆಫೀಸಿನ ಗುಮಾಸ್ತರು, "ಮೊದಲನೇ ಬ್ಯಾಚಿನ ಹಂಸಾಬೆನ್ ಮಣಿನಗರದಲ್ಲಿದ್ದಾರೆ, ಗರಿಗರಿ ಖಾಖ್ರಾ ರೊಟ್ಟಿ ಮಾಡಿ ಮಾರ್ತಾರೆ. ಅವರನ್ನೇ ಕೇಳಿ" ಎಂದರು.

ಹಂಸಾಬೆನ್ ಗುಜರಾತಿಯಲ್ಲಿ ಶುರುಮಾಡಿ, ನಳಿನಿಯ ಮುಖ ನೋಡಿ ಹಿಂದಿಗೆ ತಿರುಗಿದರು.

"ಶಿವನೂ ಅಲ್ಲ, ಕರೆಂಟೂ ಅಲ್ಲ! ನಾವೆಲ್ಲ ಬಣ್ಣದ ಕಾರ್ಖಾನೆಯಲ್ಲಿ ದುಡಿಯೋರು. ಬಿಡುವು ಅಂತ ಇದ್ದದ್ದು ಭಾನುವಾರ. ಮೇಷ್ಟ್ರುಗಳು ಬೇರೆ ಬೇರೆ ಕಾಲೇಜಿನವರು, ಅವರಿಗೂ ಬಿಡುವು ಆವತ್ತೇ. ಹಾಗಾಗಿ ಕಾಲೇಜು ನಡೀತಿದ್ದದ್ದೇ ವಾರಕ್ಕೊಂದು ದಿನ, ಒಂದು ಖಾಲಿ ಗೋದಾಮಿನಲ್ಲಿ. ನಾನು ಪುಡಿ ತುಂಬ್ತಿದ್ದೆ, ನನ್ನ ಕೈ ನೀಲಿ. ಪಕ್ಕದವನದು ಕೆಂಪು. ಉತ್ತರಪತ್ರಿಕೆಯ ಕಲೆ ನೋಡಿಯೇ ಇದು ಯಾರದು ಅಂತ ಮೇಷ್ಟ್ರು ಹೇಳ್ತಿದ್ರು."

"ಮತ್ತೆ ಸೋಮವಾರ ರಜೆ ಯಾಕೆ?"

"ಆಮೇಲೆ ವಾರಪೂರ್ತಿ ಕಾಲೇಜಾಯ್ತು. ಭಾನುವಾರ ಬಿಟ್ಟುಕೊಡೋಕೆ ನಾವು ಯಾರೂ ಒಪ್ಪಲಿಲ್ಲ. ಮೇಷ್ಟ್ರುಗಳೂ ಒಂದು ದಿನ ಮಲಗಬೇಡವಾ? ಮರುದಿನ ಮಲಗಿದರು, ಅಷ್ಟೇ!" ಹಂಸಾಬೆನ್ ಜೋರಾಗಿ ನಕ್ಕರು.

"ನೀವು ಡಿಗ್ರಿ ಮುಗಿಸಿದಿರಾ?"

"ಇಲ್ಲ. ಎರಡನೇ ವರ್ಷ ಅತ್ತೆ ಹಾಸಿಗೆ ಹಿಡಿದರು." ನಗು ನಿಂತಿತು. "ಆ ಭಾನುವಾರಗಳು ಮಾತ್ರ ಚೆನ್ನಾಗಿದ್ವು, ಬೇಟಾ."

ಇದು ಹಳೇ ಕಾಲದ ಮಾತು, ಈಗ ರಜೆ ಬದಲಿಸಲು ಅಡ್ಡಿಯೇನಿಲ್ಲ ಎಂದುಕೊಂಡೇ ನಳಿನಿ ಬಸ್ಸು ಹತ್ತಿದಳು. ಆದರೆ ತಲೆಯಲ್ಲಿ ಹುಳ ಬಿಟ್ಟಂತಾಗಿತ್ತು. ಹಾಗಾದರೆ ಈಗಲೂ ಭಾನುವಾರವೇ ತರಗತಿ ತುಂಬುವುದೇಕೆ?

ಮುಂದಿನ ಭಾನುವಾರ ಪಾಠದ ನಡುವೆ ಪುಸ್ತಕ ಮುಚ್ಚಿದಳು. "ಉಳಿದ ದಿನ ನೀವೆಲ್ಲ ಎಲ್ಲಿರ್ತೀರಿ?"

ಹುಡುಗರು ಮೇಜಿನ ಮೇಲಿದ್ದ ಹಾಜರಿ ಪುಸ್ತಕದ ಕಡೆ ನೋಡಿದರು.

"ಹಾಜರಾತಿಗಲ್ಲ. ನನಗೆ ತಿಳ್ಕೊಬೇಕು ಅಷ್ಟೇ."

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಪ್ಯಾಕಿಂಗ್ ಯೂನಿಟ್ಟಿನಲ್ಲಿ, ಮೇಡಂ." ಅವಳ ಪಕ್ಕದವನು ಪಾರ್ಸೆಲ್ ಹಂಚುತ್ತಿದ್ದ. ಇನ್ನೊಬ್ಬ ಔಷಧಿ ಅಂಗಡಿಯಲ್ಲಿದ್ದ. ಒಬ್ಬಳು ಮನೆಯಲ್ಲೇ ಕುರ್ತಾಗಳಿಗೆ ಗುಂಡಿ ಹಾಕುತ್ತಿದ್ದಳು. ಒಬ್ಬರು ಹೇಳಿದ ಮೇಲೆ ಉಳಿದವರ ಬಾಯಿಗೆ ಬೀಗವಿರಲಿಲ್ಲ. ಗಂಟೆ ಹೊಡೆದದ್ದೂ ಯಾರಿಗೂ ಕೇಳಿಸಲಿಲ್ಲ.

ಅಧ್ಯಾಪಕರ ಸಭೆಯಲ್ಲಿ ನಳಿನಿ ಎರಡನ್ನೂ ಹೇಳಿದಳು: ಹಂಸಾಬೆನ್ ಹೇಳಿದ್ದು, ಹುಡುಗರು ಹೇಳಿದ್ದು. ಕಾಮರ್ಸಿನವರು ಹುಬ್ಬೇರಿಸಿದರು. "ಭಾನುವಾರ ರಜೆ ಬೇಕು ಅಂತ ಎಲ್ಲರಿಗಿಂತ ಜೋರಾಗಿ ಹೇಳ್ತಿದ್ದದ್ದು ನೀವೇ ಅಲ್ವಾ?"

"ಈಗಲೂ ಬೇಕು ಸರ್. ಆದರೆ ಆವತ್ತು ಬಾಗಿಲು ಮುಚ್ಚಿ ಸೋಮವಾರ ತೆರೆದರೆ, ಪಾಠ ಯಾರಿಗೆ ಮಾಡೋದು?"

ಜಾಗೃತಿಬೆನ್ ಅದನ್ನೇ ಟ್ರಸ್ಟಿಗೆ ಬರೆದು ಕಳಿಸಿದರು. ಭಾನುವಾರದ ತರಗತಿ ಹಾಗೇ ಉಳಿಯಿತು. ಕಷ್ಟದ ವಿಷಯಗಳನ್ನೆಲ್ಲ ಆ ದಿನಕ್ಕೆ ತಂದರು. ಅಧ್ಯಾಪಕರಿಗೆ ಸರದಿಯಂತೆ ತಿಂಗಳಿಗೊಂದು ಭಾನುವಾರ ಬಿಡುವು ಎಂದಾಯಿತು.

"ನಿನ್ನ ಕಾಲ ಮೇಲೆ ನೀನೇ ಕಲ್ಲು ಎತ್ತಿ ಹಾಕ್ಕೊಂಡೆ," ಎಂದ ದಿವಾಕರ.

"ಹೂಂ ರೀ, ಹಾಕ್ಕೊಂಡೆ," ಎಂದು ನಕ್ಕಳು ನಳಿನಿ.

ಮೊದಲ ಸರದಿ ಅವಳದೇ ಬಂತು. ಆ ಭಾನುವಾರ ಬೆಳಿಗ್ಗೆ ಮೂವರೂ ಒಟ್ಟಿಗೆ ಕೂತು ದೋಸೆ ತಿಂದರು.

"ಮಮ್ಮಿ, ಇವತ್ತು ನಿನ್ನ ಕ್ಲಾಸ್ ಯಾರು ಲೇತಾ ಹೈ?" ಎಂದು ತನ್ನ ಹಿಂದಿ ಬೆರೆತ ಕನ್ನಡದಲ್ಲಿ ಕೇಳಿದಳು ಮಹಿಮಾ.

"ಕಾಮರ್ಸಿನವರು," ಎಂದಳು ನಳಿನಿ. ಗಡಿಯಾರದ ಕಡೆ ನೋಡಿ, "ಇತಿಹಾಸ ಅವರೇನು ಹೇಳ್ತಾರೋ ಏನೋ," ಎಂದಳು.