ಸ್ನಾನ ಮಾಡಿಸಿದರೆ ಕೆಮ್ಮುವ ಕೆಂಪು ಕಾರು

ನಾನು ಒಂದು ಕೆಂಪು ಕಾರು. ಬರೀ ಕಾರು ಎಂದರೆ ನನಗೆ ಸಿಟ್ಟು ಬರುತ್ತದೆ. ಎರಡೇ ಬಾಗಿಲು, ನೆಲಕ್ಕೆ ತಾಗಿದಂಥ ಮೈ, ಕಾಲು ಒತ್ತಿದರೆ ಸಾಕು ಚಿಮ್ಮುವ ಎಂಜಿನ್. ಚೆನ್ನೈ ಹತ್ತಿರದ ಒಂದು ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದರು. ನನ್ನ ಹಿಂದೆ ಮುಂದೆ ನಿಂತಿದ್ದವೆಲ್ಲ ಬಿಳಿ ಬಣ್ಣದ ಸಂಸಾರಸ್ಥ ಗಾಡಿಗಳು. ಬಣ್ಣ ಒಣಗಿದ ದಿನವೇ ನನಗೆ ಗೊತ್ತಾಯಿತು, ಆ ಸಾಲಿನಲ್ಲಿ ಚೆಂದ ಅಂದರೆ ನಾನೇ. ಜಂಬ ಎನ್ನಿ, ಬೇಸರವಿಲ್ಲ.

ಮೊದಲು ನನ್ನನ್ನು ಕೊಂಡವರು ಮಂಗಳೂರಿನ ಹಲ್ಲಿನ ಡಾಕ್ಟರ್ ಪ್ರತ್ಯೂಷ್. ಮದುವೆಯಾಗುವ ತನಕ ನಮ್ಮಿಬ್ಬರದು ಏನು ದೌಲತ್ತು! ಆಮೇಲೆ ಒಂದು ದಿನ ಅವರ ಅತ್ತೆ ನನ್ನ ಹಿಂದಿನ ಸೀಟಿಗೆ ನುಗ್ಗಲು ಹೋಗಿ, ಸೀರೆ ಸಿಕ್ಕಿಸಿಕೊಂಡು, ಅರ್ಧ ಒಳಗೆ ಅರ್ಧ ಹೊರಗೆ ಉಳಿದರು. ಮುಂದಿನ ವಾರವೇ ನಾನು ಸುರತ್ಕಲ್ಲಿನಲ್ಲಿದ್ದೆ, ವಾಮನ ಕೋಟ್ಯಾನರ ಸೆಕೆಂಡ್ ಹ್ಯಾಂಡ್ ಗಾಡಿಗಳ ಅಂಗಳದಲ್ಲಿ.

ವಾಮನಣ್ಣ ಒಳ್ಳೆಯ ಮನುಷ್ಯ. ಆದರೆ ಅವರದೊಂದು ಪದ್ಧತಿ. ಆಯುಧ ಪೂಜೆಗೆ ತೊಳೆದಂತೆ, ಗಿರಾಕಿ ಬರುತ್ತಾರೆಂದರೆ ಬಾನೆಟ್ ಎತ್ತಿ ಪೈಪಿನ ನೀರು ಬಿಟ್ಟು ಎಂಜಿನ್ ತೊಳೆಯುವುದು. "ಗಾಡಿಯ ಹೊಟ್ಟೆ ಮಿಂಚಬೇಕು ಮಾರಾಯ್ರೆ" ಎನ್ನುತ್ತಿದ್ದರು. ನನ್ನ ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್‌ಗಳು ಕೂರುವ ಗುಳಿಗಳಿಗೆ ರಬ್ಬರ್ ಮುಚ್ಚಳಗಳಿವೆ. ಅವು ಬಿರುಕು ಬಿಟ್ಟಿದ್ದವು. ನೀರು ನೇರ ಒಳಗೆ! ಗಿರಾಕಿ ಕೀಲಿ ತಿರುಗಿಸಿದರೆ ನಾನು ಕೆಮ್ಮುತ್ತಿದ್ದೆ, ನಡುಗುತ್ತಿದ್ದೆ, ಹೆದ್ದಾರಿ ಹತ್ತುವ ಮೊದಲೇ ನಿಲ್ಲುತ್ತಿದ್ದೆ. "ಎಂಜಿನ್ ಹೋಗಿದೆ" ಎಂದು ಅವರು ಹೊರಟುಬಿಡುತ್ತಿದ್ದರು. ಬಿಸಿಲಿಗೆ ಒಣಗಿ ನಾನು ಸರಿಹೋಗುವ ಹೊತ್ತಿಗೆ ಅಂಗಳದಲ್ಲಿ ಯಾರೂ ಇರುತ್ತಿರಲಿಲ್ಲ. ಅಯ್ಯೋ, ಬಾಯಿದ್ದರೆ ಕಿರುಚುತ್ತಿದ್ದೆ, ನೀರು ಹಾಕಬೇಡಿ ಎಂದು! ಕೊನೆಗೆ ವಾಮನಣ್ಣನಿಗೂ ಸಾಕಾಯಿತು. ಈ ಸಲದ ನವರಾತ್ರಿಯೊಳಗೆ ಹೋಗದಿದ್ದರೆ ಗುಜರಿಗೆ ಎಂದರು. ಆ ದಿನ ನನಗೆ ನಿಜವಾಗಿ ಹೆದರಿಕೆಯಾಯಿತು.

ಆಗ ಬಂದವರು ಸುಗಂಧಿ ಟೀಚರ್. ಶಾಲೆಯ ಟೀಚರ್ ಅಲ್ಲ, ಡ್ರೈವಿಂಗ್ ಸ್ಕೂಲಿನವರು. ಬಸ್ಸಿನಿಂದ ಇಳಿದವರು, ನನ್ನನ್ನು ಕಂಡವರೇ ಹೇಳದೆ ಕೇಳದೆ ಒಳಗೆ ಬಂದರು. ಬಂದವರು ಸೀದಾ ಎಡಗಡೆಯ ಸೀಟಿನಲ್ಲಿ ಕೂತು, ಕಾಲಿನಿಂದ ಬ್ರೇಕ್ ಹುಡುಕಿದರು.

"ಟೀಚರ್, ಸ್ಟೇರಿಂಗ್ ಈಚೆ ಬದಿ ಉಂಟು" ಎಂದು ವಾಮನಣ್ಣ ನಕ್ಕರು.

"ಅಭ್ಯಾಸ ವಾಮನಣ್ಣ. ಇಷ್ಟು ವರ್ಷ ಕಲಿಯುವವರ ಪಕ್ಕ ಕೂತು ಬ್ರೇಕ್ ಒತ್ತಿದ್ದೇ ಆಯ್ತು. ಎರಡನೇ ಗೇರ್ ದಾಟಿದ್ದು ನೆನಪೇ ಇಲ್ಲ."

ಅವತ್ತು ನನ್ನನ್ನು ಯಾರೂ ತೊಳೆದಿರಲಿಲ್ಲ. ಹೆದ್ದಾರಿಯಲ್ಲಿ ಅವರು ನಾಲ್ಕನೇ ಗೇರ್ ಹಾಕಿದರು ನೋಡಿ, ನಾನು ಹೋದೆ! ಟೀಚರ್ ಜೋರಾಗಿ ನಕ್ಕರು. ಆ ನಗು ಕೇಳಿ ನನಗೆ ಅವರನ್ನು ಬಿಡಲು ಮನಸ್ಸಾಗಲಿಲ್ಲ. ಇಳಿಯುವಾಗ ಅವರೇ ಹೇಳಿದರು, ಕೂಡಿಟ್ಟ ದುಡ್ಡಿನಲ್ಲಿ ಒಂದೇ ಗಾಡಿ ಬರುತ್ತದೆ, ತಪ್ಪಿದರೆ ಇನ್ನೊಂದು ಇಲ್ಲ. ನಾಳೆ ಅಣ್ಣನನ್ನು ಕರೆದುಕೊಂಡು ಬರುತ್ತೇನೆ ಎಂದರು.

ಖುಷಿಯಲ್ಲಿ ವಾಮನಣ್ಣ ಮರುದಿನ ಬೆಳಿಗ್ಗೆ ಏನು ಮಾಡಿದರು ಹೇಳಿ? ಪೈಪ್ ಹಿಡಿದರು.

ಅಣ್ಣ ಜಗನ್ನಾಥ ನನ್ನ ಸುತ್ತ ಒಂದು ಸುತ್ತು ಬಂದು ಮೂಗು ಮುರಿದರು. ಟೀಚರ್ ಕೀಲಿ ತಿರುಗಿಸಿದರು. ನಾನು ಕೆಮ್ಮಿದೆ, ಗಡಗಡ ನಡುಗಿದೆ, ಗೇಟಿನ ಹತ್ತಿರ ನಿಂತೇಬಿಟ್ಟೆ. ನನಗೆ ಅಳು ಬಂತು.

"ಕಂಡಿಯಾ? ಇದು ಬೇಡ ಮಾರಾಯ್ತಿ" ಎಂದರು ಅಣ್ಣ. "ಡ್ರೈವಿಂಗ್ ಟೀಚರ್ ಗಾಡಿ ಮಾರ್ಗದಲ್ಲಿ ನಿಂತ್ರೆ ಊರಿಡೀ ನಗ್ತದೆ. ನಿನ್ನ ಹತ್ರ ಕಲೀಲಿಕ್ಕೆ ಯಾರು ಬರ್ತಾರೆ?"

ಟೀಚರ್ ಮುಖ ಸಣ್ಣದಾಯಿತು. ಆದರೂ ಇಳಿದು ಬಾನೆಟ್ ಎತ್ತಿದರು. ಒಳಗಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ವಾಮನಣ್ಣ, ನಿನ್ನೆ ಇದನ್ನು ತೊಳೆದಿದ್ರಾ?"

"ಇಲ್ಲ ಟೀಚರ್. ನಿನ್ನೆ ನೀವು ಹೇಳದೆ ಬಂದದ್ದಲ್ವಾ? ಇವತ್ತು ಬರ್ತೀರಂತ ಚೆಂದ ಮಾಡಿ ತೊಳೆದೆ."

"ಹಾಗಾದ್ರೆ ಬೇರೆ ಗಿರಾಕಿಗಳು ಬಂದಾಗ?"

"ಅವಾಗೆಲ್ಲ ತೊಳೆದೇ ಕೊಟ್ಟದ್ದು" ಎನ್ನುತ್ತಲೇ ವಾಮನಣ್ಣ ತಲೆಗೆ ಕೈ ಹಚ್ಚಿದರು.

ಟೀಚರ್ ನನ್ನನ್ನು ಬಿಸಿಲಿಗೆ ದೂಡಿಸಿ, ಬಾನೆಟ್ ಎತ್ತಿಟ್ಟು, ಅಣ್ಣನನ್ನು ಊಟಕ್ಕೆ ಕರೆದುಕೊಂಡು ಹೋದರು. ತಿರುಗಿ ಬಂದು ಕೀಲಿ ತಿರುಗಿಸಿದಾಗ ನಾನು ಒಂದೇ ಏಟಿಗೆ ಎದ್ದೆ. ಕೆಮ್ಮಿಲ್ಲ, ನಡುಕವಿಲ್ಲ.

ಅಣ್ಣ ಬಿಡಲಿಲ್ಲ. "ಇವತ್ತು ನೀರು. ನಾಳೆ ಇನ್ನೊಂದು. ಹಳೇ ಗಾಡಿ ಇದು." ಅವರು ಹೇಳಿದ್ದು ಸುಳ್ಳಲ್ಲ. ನನ್ನ ವಯಸ್ಸು ನನಗೆ ಗೊತ್ತಿಲ್ಲವೇ?

"ಇನ್ನು ಎಂತೆಂತ ಹಾಳಾಗಿದೆ, ನಿಜ ಹೇಳಿ" ಎಂದು ಟೀಚರ್ ವಾಮನಣ್ಣನನ್ನು ಕೇಳಿದರು. ಅವರು ಮುಚ್ಚಿಡಲಿಲ್ಲ. ಬಾಗಿಲಿನ ಅಡಿಯಲ್ಲಿ ತುಕ್ಕು, ಬೆಳಿಗ್ಗೆ ಬೇಗ ಬೀಳದ ಗೇರು, ಬದಲಿಸಬೇಕಾದ ರಬ್ಬರುಗಳು. ಎಲ್ಲವನ್ನೂ ಕೇಳಿ ಟೀಚರ್ ನನ್ನ ಸ್ಟೇರಿಂಗ್ ಹಿಡಿದು, ಗೇರನ್ನು ಒಂದು ಸಲ ಹಾಕಿ ತೆಗೆದರು.

"ಅಣ್ಣ, ಇದು ನಿಲ್ತದೆ. ನಂಗೂ ಗೊತ್ತುಂಟು" ಎಂದರು ಕೊನೆಗೆ. "ನಿಂತ್ರೆ ಇಳಿದು ದೂಡ್ತೇನೆ. ಓಡುವಾಗ ಆಗುವ ಖುಷಿ ಬೇರೆ ಯಾವ ಗಾಡಿಯಲ್ಲಿ ಸಿಗ್ತದೆ? ವಾಮನಣ್ಣ, ಕಾಗದ ತೆಗೀರಿ."

ನಾನು ನಿಂತೆ, ಹೌದು. ಆ ತಿಂಗಳಲ್ಲೇ, ಅದೂ ಅವರ ಡ್ರೈವಿಂಗ್ ಸ್ಕೂಲಿನ ಎದುರಿಗೇ, ಕಲಿಯಲು ಬಂದವರೆಲ್ಲ ಸಾಲಾಗಿ ನೋಡುತ್ತಿದ್ದಾಗ. ಅಲ್ಲೇ ಇದ್ದ ಜಗನ್ನಾಥಣ್ಣ ನಾಚಿ ಮುಖ ಆಚೆ ತಿರುಗಿಸಿದರು. ಟೀಚರ್ ಮಾತ್ರ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು: "ಬನ್ನಿ ಎಲ್ಲ! ಗಾಡಿ ನಿಂತ್ರೆ ಎಂತ ಮಾಡುದು ಅಂತ ಇವತ್ತಿನ ಪಾಠ. ಅಣ್ಣ, ನೀನೂ ಕೈ ಹಚ್ಚು!" ಅವರೆಲ್ಲ ನಗುತ್ತಾ ದೂಡಿದರು, ನಾನು ಗುರ್ರೆಂದು ಎದ್ದೆ. ಆ ವರ್ಷ ಟೀಚರ್ ಹತ್ತಿರ ಕಲಿಯಲು ಬಂದವರು ಹೆಚ್ಚೇ ಆದರು.

ಈಗ ನಾನು ಮುದುಕ. ಕೆಂಪು ಮಾಸಿದೆ, ತುಕ್ಕು ಮೇಲೇರಿದೆ. ಟೀಚರ್ ಮನೆಯ ಮಾಡಿನ ಕೆಳಗೆ ವಾರವಿಡೀ ಮಲಗಿ, ಭಾನುವಾರ ಬೆಳಿಗ್ಗೆ ಸಮುದ್ರದ ಬದಿಯ ರಸ್ತೆಗೆ ಹೋಗುತ್ತೇನೆ. ಆಗಾಗ ಗೇಟಿನ ಹತ್ತಿರ ಯಾರೋ ನಿಂತು ನನ್ನನ್ನು ನೋಡುತ್ತಾರೆ.

"ಟೀಚರ್, ಈ ಗಾಡಿಯನ್ನು ನಂಬಬಹುದಾ?"

"ಇಲ್ಲ."

"ಹಾಗಾದ್ರೆ ಕೊಡ್ತೀರಾ?"

"ನಿಮಗೆ ತಲೆ ಸರಿ ಉಂಟಾ?" ಎಂದು ಕೇಳಿ ಟೀಚರ್ ಗೇಟು ಹಾಕಿಕೊಳ್ಳುತ್ತಾರೆ.