ಸಿಕ್ಸ್ಟೆನ್ ಕಳಿಸಿದ ಸೀಸೆ

ಸ್ವೀಡನ್ನಿನ ಉಪ್ಸಾಲದ ವಿಜ್ಞಾನಿ ಸಿಕ್ಸ್ಟೆನ್‌ಗೂ ನಾರ್ವೆಯ ಬರ್ಗೆನ್ನಿನ ವಿಜ್ಞಾನಿ ತೋರ್ಲೈವ್‌ಗೂ ಸ್ನೇಹ ಬೆಳೆದದ್ದು ಹಂದಿಯ ಕರುಳಿನಿಂದ. ಸಿಕ್ಸ್ಟೆನ್ ಕಸಾಯಿಖಾನೆಯಿಂದ ಕರುಳುಗಳನ್ನು ಪೀಪಾಯಿಗಟ್ಟಲೆ ತರಿಸಿ, ಬೇಯಿಸಿ, ಹಿಂಡಿ, ಸೋಸಿ, ಚಳಿಗಾಲ ಮುಗಿಯುವ ಹೊತ್ತಿಗೆ ಅದರೊಳಗಿನ ಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನಿನ ತುಣುಕನ್ನು ಚಿಟಿಕೆಗಿಂತಲೂ ಕಡಿಮೆ ತೆಗೆಯುತ್ತಿದ್ದ. ಅದಕ್ಕೆ ಜೀವ ಇದೆಯೋ ಇಲ್ಲವೋ, ಅಂದರೆ ಅದು ಕೆಲಸ ಮಾಡುತ್ತದೋ ಇಲ್ಲವೋ, ನೋಡುವುದು ತೋರ್ಲೈವ್‌ನ ಕೆಲಸ.

ಜೀವಕೋಶದ ಮೈಮೇಲೆ ಗ್ರಾಹಿಗಳಿರುತ್ತವೆ, ಕಿವಿಗಳಿದ್ದ ಹಾಗೆ. ಪೆಪ್ಟೈಡ್ ಬಂದು ಕೂಗಿದರೆ ಅವು ಕೇಳಿಸಿಕೊಂಡು ಒಳಗೆ ಸುದ್ದಿ ಮುಟ್ಟಿಸುತ್ತವೆ. ತೋರ್ಲೈವ್ ಗಿನಿಯಿಲಿಯ ಕರುಳಿನ ತುಂಡೊಂದನ್ನು ಬೆಚ್ಚಗಿನ ಉಪ್ಪುನೀರಿನ ಗಾಜಿನ ಕೊಳವೆಯಲ್ಲಿ ಇಳಿಬಿಟ್ಟು, ತುದಿಗೆ ದಾರ ಕಟ್ಟಿ, ದಾರವನ್ನು ಒಂದು ಲೇಖನಿಗೆ ಬಿಗಿಯುತ್ತಿದ್ದ. ಕೂಗು ಕೇಳಿದರೆ ಕರುಳು ಮುದುಡುತ್ತದೆ, ಲೇಖನಿ ಕಾಗದದ ಮೇಲೆ ಗೆರೆ ಏರಿಸುತ್ತದೆ. ಕೇಳದಿದ್ದರೆ ಗೆರೆ ಮಲಗಿದಲ್ಲೇ ಮಲಗಿರುತ್ತದೆ.

ಸ್ವೀಡನ್ನಿನವರು ಪೆದ್ದರೆಂದು ನಾರ್ವೆಯವರೂ, ನಾರ್ವೆಯವರು ಪೆದ್ದರೆಂದು ಸ್ವೀಡನ್ನಿನವರೂ ಜೋಕು ಕಟ್ಟುವುದು ಆ ಎರಡು ದೇಶಗಳ ಹಳೆಯ ಚಟ. ಈ ಇಬ್ಬರಿಗೂ ಅದು ಬಿಟ್ಟಿರಲಿಲ್ಲ. ಅದಕ್ಕೇ ಆ ಮಾರ್ಚಿನಲ್ಲಿ ಸಿಕ್ಸ್ಟೆನ್‌ನಿಂದ ಬಂದ ಪೊಟ್ಟಣ ಬಿಚ್ಚಿ, ಹತ್ತಿಯೊಳಗಿದ್ದ ಪುಟ್ಟ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಳಗೆ ಏನೂ ಕಾಣದಿದ್ದಾಗ ತೋರ್ಲೈವ್‌ಗೆ ಕೋಪ ಬರಲಿಲ್ಲ, ನಗು ಬಂತು.

"ನೋಡಿದಿರಾ ಬೋರ್ಗಿಲ್? ಚಳಿಗಾಲವೆಲ್ಲ ದುಡಿದು ಗಾಳಿ ಕಳಿಸಿದಾನೆ."

ಪ್ರಯೋಗಾಲಯದ ಹಿರಿಯ ಸಹಾಯಕಿ ಬೋರ್ಗಿಲ್ ಕನ್ನಡಕ ಏರಿಸಿ ನೋಡಿದಳು. "ಒಳ್ಳೇ ಗಾಳೀನೇ ಇರಬೇಕು, ಇಷ್ಟು ಹತ್ತಿ ಸುತ್ತಿದಾನೆ. ಫೋನ್ ಮಾಡಿ ಕೇಳು."

"ಕೇಳಿದ್ರೆ ಜೋಕು ಅರ್ಥ ಆಗಲಿಲ್ಲ ಅಂತ ಊರೆಲ್ಲ ಹೇಳ್ಕೊಂಡು ಬರ್ತಾನೆ."

ಸುಮ್ಮನಿದ್ದರೆ ನಾರ್ವೆಯ ಮಾನ ಏನಾಗಬೇಕು? ತೋರ್ಲೈವ್ ಊಟದ ಬಿಡುವಿನಲ್ಲಿ ಬಂದರಿಗೆ ಇಳಿದು, ಮೀನಿನ ಅಂಗಡಿಗಳ ಪಕ್ಕದ ಮೆಟ್ಟಿಲಲ್ಲಿ ಕುಕ್ಕರುಗಾಲಲ್ಲಿ ಕೂತು, ಸೀಸೆಗೆ ಸಮುದ್ರದ ನೀರು ತುಂಬಿ ಬಿರಡೆ ಒತ್ತಿದ. 'ಖಾಲಿ ಪಾತ್ರೆ ಹಿಂದಿರುಗಿಸುವುದು ನಮ್ಮ ಕಡೆ ಪದ್ಧತಿಯಲ್ಲ' ಎಂದು ಚೀಟಿ ಬರೆದು, ಅದೇ ಹತ್ತಿ ಸುತ್ತಿ, ಅಂಚೆಗೆ ಹಾಕಿ ಬಂದ. ಸಂಜೆಯವರೆಗೂ ಅವನ ಮುಖದಲ್ಲಿ ನಗು ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಸಿಕ್ಸ್ಟೆನ್‌ನದೇ ಫೋನು ಬಂತು.

"ಬಂತೇನೋ ಸೀಸೆ? ಹೇಳೋದು ಮರೆತಿದ್ದೆ. ಈ ಸಲ ಒಣಗಿಸಿದ್ದು ಪೊರೆ ಥರ ಗಾಜಿಗೆ ಅಂಟಿಕೊಂಡಿದೆ. ಕಣ್ಣಿಗೆ ಕಾಣಲ್ಲ. ಖಾಲಿ ಅಂತ ಎಲ್ಲಾದರೂ ಇಟ್ಟೀಯ. ಇದ್ದಿದ್ದಷ್ಟೂ ನಿನಗೇ ಕಳಿಸಿದೀನಿ, ನನ್ನ ಹತ್ರ ಒಂದು ಚೂರೂ ಉಳಿದಿಲ್ಲ."

ತೋರ್ಲೈವ್ "ಲೈನು ಸರಿ ಇಲ್ಲ" ಎಂದು ಫೋನ್ ಇಟ್ಟು, ಕೋಟು ಕೂಡ ಹಾಕಿಕೊಳ್ಳದೆ ಅಂಚೆ ಕಚೇರಿಗೆ ಓಡಿದ. ಅಂಚೆಯ ಚೀಲ ರಾತ್ರಿಯ ರೈಲಿಗೇ ಹೋಗಿಯಾಗಿತ್ತು. ಏದುಸಿರು ಬಿಡುತ್ತ ವಾಪಸ್ ಬಂದವನ ಮುಂದೆ ಬೋರ್ಗಿಲ್ ಕಾಫಿ ಇಟ್ಟು, ಫೋನನ್ನು ಅದರ ಪಕ್ಕಕ್ಕೆ ಸರಿಸಿದಳು.

"ಲೈನು ಸರಿಹೋಗಿದೆ," ಎಂದಳು.

ತೋರ್ಲೈವ್ ಉಪ್ಸಾಲಕ್ಕೆ ಫೋನ್ ಮಾಡಿ ಎಲ್ಲವನ್ನೂ ಹೇಳಿದ.

"ಬಂದ ತಕ್ಷಣ ಮಂಜುಗಡ್ಡೆಯಲ್ಲಿಡ್ತೀನಿ," ಎಂದ ಸಿಕ್ಸ್ಟೆನ್. "ನಿನ್ನ ಕೊಳವೆ, ಲೇಖನಿ ಎಲ್ಲ ಕಟ್ಕೊಂಡು ಹೊರಡು. ಸತ್ತಿದೆಯೋ ಬದುಕಿದೆಯೋ ನೀನೇ ನೋಡಿ ಹೇಳಬೇಕು."

ಒಂದು ಜೋಕೂ ಹಾರಿಸಲಿಲ್ಲ. ಬೈದಿದ್ದರೂ ತೋರ್ಲೈವ್‌ಗೆ ಅಷ್ಟು ಭಯವಾಗುತ್ತಿರಲಿಲ್ಲ. ಇನ್ನೊಂದು ಚಳಿಗಾಲ ಹಂದಿಯ ಕರುಳು ಬೇಯಿಸು ಎಂದು ಯಾವ ಬಾಯಲ್ಲಿ ಹೇಳುವುದು? ಹೇಳಿದರೂ ಸಿಕ್ಸ್ಟೆನ್ ಅದನ್ನು ಇನ್ಯಾರಿಗಾದರೂ ಕಳಿಸಿಯಾನು.

ಹೊರಡುವ ಮುಂಚೆ ಅವನು ಅದೇ ಮೆಟ್ಟಿಲಿಗೆ ಹೋಗಿ ಒಂದು ಬಾಟಲಿ ನೀರು ತುಂಬಿಕೊಂಡ. ಬರೀ ಸಮುದ್ರದ ನೀರಿಗೆ ಕರುಳು ಏನು ಮಾಡುತ್ತದೆ ಎಂದು ಮೊದಲು ನೋಡದೆ ಏನನ್ನೂ ಹೇಳುವಂತಿರಲಿಲ್ಲ. ರೈಲು ಗಡಿ ದಾಟುವಾಗ ಸ್ವೀಡನ್ನಿನ ಸುಂಕದವನ ಕಣ್ಣು ಆ ಬಾಟಲಿಯ ಮೇಲೇ ಬಿತ್ತು. ಬಿರಡೆ ತೆಗೆದು ಮೂಸಿದ.

"ಏನಿದು?"

"ಬರ್ಗೆನ್ ಬಂದರಿನ ನೀರು."

"ಯಾಕೆ, ನಮ್ಮ ದೇಶದಲ್ಲಿ ಸಮುದ್ರ ಬತ್ತಿಹೋಗಿದೆ ಅಂತ ಯಾರಾದ್ರೂ ಹೇಳಿದ್ರಾ?"

"ಪರೀಕ್ಷೆಗೆ."

"ಪಾಸಾಗಲಿ," ಎಂದು ಅವನು ಬಾಟಲಿಯನ್ನು ಇಡೀ ಬೋಗಿಗೆ ಕಾಣುವ ಹಾಗೆ ಎತ್ತಿ ಹಿಡಿದು ಹಿಂದಕ್ಕೆ ಕೊಟ್ಟ.

ಉಪ್ಸಾಲದಲ್ಲಿ ಸಿಕ್ಸ್ಟೆನ್ ಕರುಳಿನ ತುಂಡು ಸಿದ್ಧಮಾಡಿಟ್ಟಿದ್ದ. ಸೀಸೆ ಮಂಜುಗಡ್ಡೆಯಲ್ಲಿತ್ತು. ತೋರ್ಲೈವ್ ದಾರ ಕಟ್ಟುವಾಗ ಗಂಟು ಮತ್ತೆ ಮತ್ತೆ ಬಿಚ್ಚಿಹೋಯಿತು.

"ನಾನು ಕಟ್ಲಾ?" ಎಂದ ಸಿಕ್ಸ್ಟೆನ್.

"ಬೇಡ. ಇದೊಂದಾದ್ರೂ ನಾನು ಸರಿಯಾಗಿ ಮಾಡ್ತೀನಿ."

ಮೊದಲು ಬಾಟಲಿಯ ನೀರು, ಒಂದು ಹನಿ. ಗೆರೆ ಅಲ್ಲಾಡಲಿಲ್ಲ. ಕೊಳವೆ ತೊಳೆದು, ಕರುಳಿಗೆ ಸ್ವಲ್ಪ ಹೊತ್ತು ಬಿಡುವು ಕೊಟ್ಟು, ಸೀಸೆಯಿಂದ ಒಂದು ಹನಿ ಬಿಟ್ಟ. ಇಬ್ಬರೂ ಬಗ್ಗಿ ನೋಡಿದರು. ಲೇಖನಿ ಹಾಗೇ ನಿಂತಿತ್ತು. ಸಿಕ್ಸ್ಟೆನ್ ಸೊಂಟ ನೆಟ್ಟಗೆ ಮಾಡಿಕೊಂಡು ಕಿಟಕಿಯತ್ತ ತಿರುಗಿದ.

ಆಗ ಕರುಳು ನಿದ್ದೆಯಿಂದ ಎದ್ದ ಮುದುಕನ ಹಾಗೆ ನಿಧಾನವಾಗಿ ಮೈ ಮುದುಡಿತು. ಗೆರೆ ಏರಿತು. ಏರುತ್ತಲೇ ಹೋಗಿ ಕಾಗದದ ಅಂಚು ದಾಟಿ, ಲೇಖನಿ ಮೇಜಿನ ಮೇಲೆ ಗೀಚಿತು.

"ಸಿಕ್ಸ್ಟೆನ್," ಎಂದ ತೋರ್ಲೈವ್.

ಸಿಕ್ಸ್ಟೆನ್ ತಿರುಗಿ ಮೇಜಿನ ಮೇಲಿನ ಗೀಚು ನೋಡಿದ. ಕುರ್ಚಿ ಎಳೆದುಕೊಂಡು ಕೂತು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. "ನಿಮ್ಮೂರಿನ ಮೀನು ತೊಳೆದ ನೀರಲ್ಲೂ ಬದುಕಿದೆಯಲ್ಲೋ. ಗಟ್ಟಿ ಪಿಂಡ."

ಆದರೆ ನೀರಲ್ಲಿ ಕರಗಿದ ಪೆಪ್ಟೈಡ್ ಹೆಚ್ಚು ದಿನ ಬಾಳುವುದಿಲ್ಲ. ಮಾಡುವುದನ್ನೆಲ್ಲ ಈಗಲೇ, ಇಲ್ಲೇ ಮಾಡಿ ಮುಗಿಸಬೇಕಿತ್ತು. ತೋರ್ಲೈವ್ ಬೋರ್ಗಿಲ್‌ಗೆ ಫೋನ್ ಮಾಡಿ, ಬದುಕಿದೆ, ಬರುವುದು ತಡವಾಗುತ್ತದೆ ಎಂದ.

"ಸಂತೋಷ," ಎಂದಳು ಬೋರ್ಗಿಲ್. "ಆಗಿಂದ ಒಂದು ಕೇಳಬೇಕು ಅಂತಿದ್ದೆ. ನಿನ್ನ ಮೇಜಿನ ಮೇಲೆ ಖಾಲಿ ಕಾಫಿ ಲೋಟಗಳಿವೆ. ತೊಳೀಲಾ, ಇಲ್ಲಾ ನೀನು ಬಂದು ನೋಡ್ತೀಯಾ?"